ಕಂಬಳಿ ಒಳಗಿಡಬೇಕೋ ಹೊರಗಿಡಬೇಕೋ: ಸಿದ್ಧತಾ ವರ್ಷದ ಪ್ರವೇಶಾಧಿಕಾರಿಗಳಿಗೆ

ಮಾನ್ಯ ಪ್ರವೇಶಾಧಿಕಾರಿಗಳೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ತಮಗೆ ಪತ್ರ ಬರೆದದ್ದಕ್ಕಲ್ಲ, ಅದನ್ನು ಹಿಂದೆಯೂ ಹಲವು ಸಲ ಮಾಡಿದ್ದೇನೆ. ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನಲ್ಲ, ಅದಕ್ಕೆ. ಮನೆಯ ವಿಷಯವನ್ನು ಪತ್ರಿಕೆಗೆ ಹಾಕುವ ಹುಡುಗಿಯನ್ನು ನಮ್ಮ ಬೆಟ್ಟದ ಕಡೆ ಯಾರೂ ಮೆಚ್ಚುವುದಿಲ್ಲ. ನನಗೂ ಬರೆಯುವಾಗ ಕೈ ಸರಿಯಾಗಿ ಓಡುತ್ತಿಲ್ಲ. ತಮ್ಮ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂದಿದ್ದರೆ ಇದನ್ನು ಬರೆಯುವ ಪ್ರಮೇಯ ಇರುತ್ತಿರಲಿಲ್ಲ, ಓದುವ ತೊಂದರೆ ತಮಗೂ ಇರುತ್ತಿರಲಿಲ್ಲ.

ವಿಷಯ ಇಷ್ಟೆ. ಪಶುವೈದ್ಯ ಪದವಿಗೆ ಸೇರಬಯಸುವ ದುರ್ಗಮ ಪ್ರದೇಶದ ಮಕ್ಕಳಿಗಾಗಿ ತಾವು ‘ವಿಶ್ವವಿದ್ಯಾಲಯಪೂರ್ವ ಸಿದ್ಧತಾ ವರ್ಷ’ ಎಂಬುದನ್ನು ಈ ವರ್ಷ ತೆರೆದಿದ್ದೀರಿ. ಒಂದು ವರ್ಷ ಇಂಗ್ಲಿಷು, ಗಣಿತ, ಜೀವವಿಜ್ಞಾನ ಕಲಿಸಿ, ತೇರ್ಗಡೆಯಾದವರನ್ನು ನೇರವಾಗಿ ಪದವಿಗೆ ತೆಗೆದುಕೊಳ್ಳುತ್ತೀರಿ. ತುಂಬ ಒಳ್ಳೆಯ ಕೆಲಸ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಆದರೆ ತಮ್ಮ ಪ್ರಕಟಣೆಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬೇರೆ ಕಾಲೇಜಿನಲ್ಲಿ ಓದುತ್ತಿರುವವರು ಅಲ್ಲಿನ ಬಿಡುಗಡೆ ಪತ್ರವನ್ನು ಅರ್ಜಿಯ ಜೊತೆಯಲ್ಲೇ ಲಗತ್ತಿಸತಕ್ಕದ್ದು ಎಂದಿದೆ. ಅಂದರೆ ತಾವು ನನ್ನನ್ನು ಆರಿಸುತ್ತೀರೋ ಇಲ್ಲವೋ ಗೊತ್ತಾಗುವ ಮೊದಲೇ ಈಗಿರುವ ಸೀಟನ್ನು ನಾನು ಬಿಟ್ಟುಕೊಡಬೇಕು. ತಾವು ಬೇಡವೆಂದರೆ ನನಗೆ ಅದೂ ಇಲ್ಲ, ಇದೂ ಇಲ್ಲ. ಹೀಗೆಯೇ ಅರ್ಥವೋ, ಅಥವಾ ನನ್ನಂಥವಳು ಓದುವಾಗ ಎಡವಿದ್ದೋ? ಈ ತಿಂಗಳ ಕೊನೆಗೆ ಅರ್ಜಿಯ ಗಡುವು. ನಾನು ಅರ್ಜಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಆದರೆ ಯಾವುದಕ್ಕೆ ಪ್ರತಿಯಾಗಿ ಯಾವುದನ್ನು ಕೊಡುತ್ತಿದ್ದೇನೆ ಎಂಬುದೇ ನನಗೆ ತಿಳಿಯದು.

ನಾನು ಯಾರೆಂದು ಹೇಳದೆ ಹೋದರೆ ಈ ಗೋಳು ತಮಗೆ ಅರ್ಥವಾಗಲಿಕ್ಕಿಲ್ಲ. ನಾನು ದೇಶದ ಉತ್ತರ ತುದಿಯ ಮುಸಂದಮ್ ಬೆಟ್ಟದವಳು. ಖಸಬ್ ಪೇಟೆಯಿಂದ ಮೇಲೆ ಹತ್ತಿ, ಗಾಡಿಯ ದಾರಿ ಮುಗಿದಲ್ಲಿಂದ ಇನ್ನೂ ನಡೆದರೆ ನಮ್ಮ ಊರು. ಚಿಕ್ಕವಳಿದ್ದಾಗಲೇ ನನ್ನನ್ನು ಖಸಬ್‌ನ ಶಾಲೆಯ ಹಾಸ್ಟೆಲಿಗೆ ಸೇರಿಸಿದರು. ಕಬ್ಬಿಣದ ಮಂಚ, ಬಟ್ಟೆಗೆ ಹೊಲಿದ ನಂಬರು, ಊಟಕ್ಕೆ ಗಂಟೆ. ಬೆಳೆದದ್ದೆಲ್ಲ ಹಾಗೆ. ಅಲ್ಲಿ ನನಗೆ ಸಿಕ್ಕಿದ್ದೆಂದರೆ ಒಂದಿಷ್ಟು ಇಂಗ್ಲಿಷು. ರಜೆಗೆ ಬೆಟ್ಟಕ್ಕೆ ಹೋದಾಗ ಮಾತಿನ ನಡುವೆ ಒಂದೆರಡು ಇಂಗ್ಲಿಷ್ ಪದ ಬಿದ್ದುಬಿಡುತ್ತಿದ್ದವು. ಅಷ್ಟಕ್ಕೇ ಊರಿನ ಹೆಂಗಸರು ನನಗೆ ‘ಅರ್ಧ ಇಂಗ್ಲಿಷಿನವಳು’ ಎಂದು ಹೆಸರಿಟ್ಟರು. ಈಗಲೂ ಯಾರ ಮನೆಗಾದರೂ ಹೋದರೆ ಆ ಮನೆಯಾಕೆ ಕಾಫಿ ಬಗ್ಗಿಸುತ್ತಾ, ಎಲ್ಲರಿಗೂ ಕೇಳುವ ಹಾಗೆ, “ಯಾವ ಅರ್ಧಕ್ಕೆ ಕೊಡ್ಲಿ ಕಾಫಿ, ನಮ್ಮದಕ್ಕಾ ಅವರದಕ್ಕಾ?” ಎಂದು ಕೇಳುತ್ತಾಳೆ. ಕಾಲೇಜಿಗೆ ಬಂದ ಮೇಲೆ ಪರೀಕ್ಷೆ ಮಾಡಿ, ಅರ್ಧವೂ ಇಲ್ಲ, ಕಾಲು ಭಾಗಕ್ಕೂ ಮೋಸ ಎಂದು ತೀರ್ಪು ಕೊಟ್ಟರು. ಆದ್ದರಿಂದ ತಮ್ಮ ಸಿದ್ಧತಾ ವರ್ಷ ಯಾರಿಗಾಗಿ ಎಂದು ಓದಿದಾಗ, ಇದನ್ನು ಬರೆದವರು ನನ್ನನ್ನು ಎಲ್ಲೋ ನೋಡಿರಬೇಕು ಎನ್ನಿಸಿತ್ತು.

ಸದ್ಯ ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಕಚೇರಿ ನಿರ್ವಹಣೆಯ ಡಿಪ್ಲೊಮಾದ ಮೊದಲ ವರ್ಷದಲ್ಲಿದ್ದೇನೆ. ನಾನು ಕೇಳಿದ್ದಲ್ಲ, ಹಂಚಿಕೆಯಲ್ಲಿ ಬಂದದ್ದು. ಹಾಗೆಂದು ತೆಗೆದುಹಾಕುವ ಹಾಗೂ ಇಲ್ಲ. ಎರಡನೆಯ ವರ್ಷ ಖಸಬ್‌ನ ಯಾವುದಾದರೂ ಕಚೇರಿಯಲ್ಲೇ ತರಬೇತಿ. ಮುಗಿದ ಮೇಲೆ ಅಲ್ಲೇ ಕೆಲಸ ಸಿಗುವ ಸಂಭವವೂ ಇದೆ. ವಾರದ ಕೊನೆಗೆ ಬೆಟ್ಟ ಹತ್ತಬಹುದು. ಇಷ್ಟು ವರ್ಷ ಹಾಸ್ಟೆಲಿನಲ್ಲಿ ಕಳೆದವಳಿಗೆ ಇದು ಸಣ್ಣ ಆಸೆಯಲ್ಲ. ಅಂದಹಾಗೆ, ಸಂದರ್ಭ ಬಂತೆಂದು ಹೇಳುತ್ತೇನೆ, ನಮ್ಮ ಪಠ್ಯದ ಮೊದಲ ಅಧ್ಯಾಯವೇ ‘ಬಂದ ಪತ್ರಗಳ ವಿಲೇವಾರಿ’. ಪತ್ರ ಬಂದ ಕೂಡಲೇ ತಲುಪಿದೆ ಎಂದು ತಿಳಿಸಬೇಕಂತೆ. ಉತ್ತರ ತಡವಾಗುವುದಾದರೆ ಯಾಕೆ ತಡ ಎಂದಾದರೂ ತಿಳಿಸಬೇಕಂತೆ. ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಒಳ್ಳೆಯ ಅಂಕವನ್ನೇ ತೆಗೆದೆ. ಈ ಪಠ್ಯವನ್ನು ಯಾವ ದೇಶದ ಕಚೇರಿಗಳನ್ನು ನೋಡಿ ಬರೆದಿದ್ದಾರೆ ಎಂದು ನನ್ನ ಕೋಣೆಯ ಗೆಳತಿ ತುಫೂಲ್ ಕೇಳುತ್ತಾಳೆ. ಅವಳು ದಕ್ಷಿಣದ ಧೋಫಾರಿನವಳು, ಒಂಟೆ ಸಾಕುವವರ ಮನೆಯ ಹುಡುಗಿ, ಯಾರಿಗೂ ಹೆದರುವುದಿಲ್ಲ. ಈ ಪತ್ರವನ್ನು ಪತ್ರಿಕೆಗೇ ಕಳಿಸು ಎಂದು ಬೆನ್ನಿಗೆ ಬಿದ್ದವಳೂ ಅವಳೇ. ತಮಗೆ ಸಿಟ್ಟು ಬಂದರೆ ಅರ್ಧವನ್ನು ಅವಳ ಲೆಕ್ಕಕ್ಕೆ ಹಾಕಬಹುದು.

ಹಾಗಾದರೆ ಇರುವ ಡಿಪ್ಲೊಮಾ ಮುಗಿಸಿ ಸುಮ್ಮನಿರಬಾರದೇ, ಪಶುವೈದ್ಯ ಯಾಕೆ ಎಂದು ತಾವು ಕೇಳಬಹುದು. ನಾನು ಹಾಸ್ಟೆಲಿನ ಕೊನೆಯ ತರಗತಿಯಲ್ಲಿದ್ದ ಚಳಿಗಾಲದಲ್ಲಿ ನಮ್ಮ ಕಡೆ ಮೇಕೆಗಳಿಗೆ ರೋಗ ಬಂತು. ಬಾಯಲ್ಲಿ ಹುಣ್ಣು, ಕಾಲು ಕುಂಟು, ಮೇವು ಮುಟ್ಟುತ್ತಿರಲಿಲ್ಲ. ನಾನು ರಜೆಗೆ ಹೋಗಿದ್ದೆ. ಪಶುವೈದ್ಯರ ಗಾಡಿ ದಾರಿ ಮುಗಿಯುವ ಕಡೆಗೆ ಬಂದು ನಿಂತಿತು. ಮೇಕೆಗಳನ್ನು ಅಲ್ಲಿಗೆ ಇಳಿಸಿಕೊಂಡು ಬನ್ನಿ ಎಂದು ವೈದ್ಯರು ಹೇಳಿಕಳಿಸಿದರು. ನಿಲ್ಲಲಾರದ ಮೇಕೆ ಬೆಟ್ಟ ಇಳಿಯುವುದು ಹೇಗೆ? ಅಪ್ಪ ಒಂದು ಹೆಣ್ಣು ಮೇಕೆಯನ್ನು ಹೆಗಲಿಗೆ ಹಾಕಿಕೊಂಡು ಇಳಿದ. ನಾನೂ ಹಿಂದೆ ಹೋದೆ. ವೈದ್ಯರು ಒಳ್ಳೆಯವರು, ಅವರ ಮಂಡಿ ಕೆಟ್ಟಿತ್ತು, ಹತ್ತಲಾರೆ ಎಂದು ಸಂಕೋಚಪಟ್ಟುಕೊಂಡರು. ಔಷಧಿಯ ಬಾಟಲಿಗಳ ಮೇಲೆ ಇದ್ದದ್ದೆಲ್ಲ ಇಂಗ್ಲಿಷು. ಓದಲು ಬರುವುದು ಇಳಿದು ಬಂದವರಲ್ಲಿ ನನಗೊಬ್ಬಳಿಗೇ ಎಂದು ತಿಳಿದಾಗ ಅವರು ಗಾಡಿಯ ಮುಂಭಾಗದ ಮೇಲೆ ಒಂದು ಕಿತ್ತಳೆ ಹಣ್ಣು ಇಟ್ಟು ಸೂಜಿ ಚುಚ್ಚುವುದನ್ನು ತೋರಿಸಿಕೊಟ್ಟರು. ಎಷ್ಟು ಔಷಧಿ, ಚರ್ಮದ ಕೆಳಗೆಷ್ಟು, ಎಲ್ಲಿ ಚುಚ್ಚಬಾರದು. ನಾನು ಬೆಟ್ಟ ಹತ್ತಿ ಮನೆಮನೆಗೆ ಹೋಗಿ ಚುಚ್ಚಿದೆ. ಕೆಲವು ಉಳಿದವು. ಕೆಲವು ಉಳಿಯಲಿಲ್ಲ. ನನ್ನ ಕೈಯಲ್ಲೇ ಸತ್ತ ಒಂದು ಮರಿಯನ್ನು ಅಪ್ಪ ತೆಗೆದುಕೊಂಡು ಹೋಗುವಾಗ, “ನಿನ್ನಿಂದ ಆಗಿದ್ದಲ್ಲ ಬಿಡು, ತಡವಾಗಿತ್ತು” ಎಂದ. ತಡವಾಗದ ಹಾಗೆ ಯಾರಾದರೂ ಮೇಲೆಯೇ ಇರಬೇಕಿತ್ತು ಎಂದು ನನಗೆ ಅನ್ನಿಸಿದ್ದು ಆವತ್ತು. ಆಮೇಲೆ ಅದು ಬಿಟ್ಟಿಲ್ಲ.

ಇಷ್ಟಿದ್ದ ಮೇಲೆ ಕಣ್ಣುಮುಚ್ಚಿ ಅರ್ಜಿ ಹಾಕಬೇಕು, ಧೈರ್ಯ ಬೇಕು ಎಂದು ತಾವೂ ಹೇಳಬಹುದು, ತುಫೂಲ್ ದಿನವೂ ಹೇಳುತ್ತಾಳೆ. ಆದರೆ ಧೈರ್ಯವನ್ನು ಬೇಡುವ ಮೊದಲು ಪ್ರಕಟಣೆ ಸ್ಪಷ್ಟವಾಗಿರಬೇಕಲ್ಲವೇ? ಬಾವಿಗೆ ಹಾರು ಎನ್ನುವವರು ನೀರಿದೆಯೋ ಇಲ್ಲವೋ ಎಂದಾದರೂ ಹೇಳುವುದು ಮರ್ಯಾದೆ. ಇಮೇಲಿಗೆ ಉತ್ತರ ಬಾರದಿದ್ದಾಗ ನಾನು ತುಫೂಲಳನ್ನು ಕರೆದುಕೊಂಡು ಬಸ್ಸು ಹತ್ತಿ ತಮ್ಮ ಕಚೇರಿಗೇ ಬಂದೆ. ತಾವು ಸಭೆಯಲ್ಲಿದ್ದಿರಿ. ಕೌಂಟರಿನಲ್ಲಿದ್ದ ಹಿರಿಯರು ನಮ್ಮನ್ನು ಕೂರಿಸಿ ಚಹಾ ತರಿಸಿದರು. ಅವರ ಮೇಲೆ ನನಗೆ ದೂರಿಲ್ಲ. ನಾನು ಕೇಳಿದೆ, ಅರ್ಜಿ ಹಾಕಿದರೆ ನನ್ನ ಈಗಿನ ಸೀಟು ಉಳಿಯುತ್ತಾ ಎಂದು.

“ಅರ್ಜಿ ಹಾಕಿದ್ಮೇಲೆ ಗೊತ್ತಾಗುತ್ತೆ ಮಗಳೇ.”

“ಹಾಕೋಕೆ ಮುಂಚೆ ಗೊತ್ತಾಗ್ಬೇಕಲ್ವಾ?”

“ಮುಂಚೆ ನೀನಿನ್ನೂ ಅರ್ಜಿದಾರಳೇ ಅಲ್ವಲ್ಲ. ಅರ್ಜಿದಾರರಲ್ಲದೋರಿಗೆ ನಾವು ಮಾಹಿತಿ ಹೇಗೆ ಕೊಡೋಕಾಗುತ್ತೆ?”

ತುಫೂಲ್ ಚಹಾದ ಲೋಟ ಕೆಳಗಿಟ್ಟು, “ಸರಿ ತಾತ, ನಾನು ಅರ್ಜಿ ಹಾಕೋದೇ ಇಲ್ಲ. ಸುಮ್ನೆ ನನಗೆ ಹೇಳಿ, ಇವಳು ಪಕ್ಕದಲ್ಲಿ ಕೂತು ಕೇಳಿಸ್ಕೊಳ್ತಾಳೆ” ಎಂದಳು. ಅವರು ನಕ್ಕುಬಿಟ್ಟರು. ನಗುತ್ತಲೇ, ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದು ನನ್ನ ಫೋನ್ ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕಿಕೊಂಡರು. ಆ ತಿಂಗಳ ಹಾಳೆ ಈಗ ಹರಿದು ಹೋಗಿರಬೇಕು. ಮೇಲಿನವರು ಎಂದರೆ ತಾವೇ ಎಂದು ನಾನು ಅಂದುಕೊಂಡಿದ್ದೇನೆ. ತಮಗಿಂತ ಮೇಲಿನವರೂ ಇದ್ದರೆ ಈ ಪತ್ರವನ್ನು ದಯವಿಟ್ಟು ಅವರಿಗೂ ತೋರಿಸಿ.

ಆವತ್ತು ಇನ್ನೊಂದು ವಿಷಯ ತಿಳಿದುಬಂತು. ಹಿರಿಯರು ನನ್ನ ಗುರುತಿನ ಸಂಖ್ಯೆ ಒತ್ತಿ ನೋಡಿ, ನೀನು ದುರ್ಗಮ ಪ್ರದೇಶದವಳೇ ಅಲ್ಲ, ಪೇಟೆಯವಳು ಎಂದರು. ನಾನು ತಪ್ಪಾಗಿದೆ ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವಾಸಸ್ಥಳ ಖಸಬ್ ಪೇಟೆ, ಖರ್ಜೂರದ ತೋಟ. ಕೆಳಗೆ ಇನ್ನೊಂದು ಸಾಲು, ಬೆಟ್ಟದ ಮನೆ ಪರಿಶೀಲಿಸಲಾಗಿದೆ, ಬೀಗ ಹಾಕಿದೆ, ವಾಸವಿಲ್ಲ.

ಇದು ಹೇಗಾಯಿತೆಂದು ಹೇಳಿದರೆ ತಮಗೆ ನಗು ಬರಬಹುದು. ನಮ್ಮ ಬೆಟ್ಟದ ಜನ ವರ್ಷವಿಡೀ ಒಂದೇ ಕಡೆ ಇರುವವರಲ್ಲ. ಚಳಿಗಾಲ ಮತ್ತು ಮಳೆ ಬೀಳುವ ತಿಂಗಳುಗಳಲ್ಲಿ ಮೇಲೆ, ಬಾರ್ಲಿ ಮತ್ತು ಮೇಕೆ. ತೊಟ್ಟಿಯಲ್ಲಿ ನೀರು ತಳ ಕಂಡು ಬಂಡೆ ಕಾಯತೊಡಗಿದರೆ ಕೆಳಗೆ, ಖರ್ಜೂರ ಮತ್ತು ಮೀನು. ತಲೆಮಾರುಗಳಿಂದ ಹೀಗೆಯೇ. ಕಳೆದ ಬೇಸಿಗೆಯಲ್ಲಿ ಸಮೀಕ್ಷೆಯವರು ಖಸಬ್‌ಗೆ ಬಂದಾಗ ಅಪ್ಪ ತೋಟದಲ್ಲಿ ಮರದ ಮೇಲಿದ್ದ. ಕೆಳಗೆ ನಿಂತು ಅವರು ಮನೆ ಎಲ್ಲಿ ಎಂದು ಕೇಳಿದರಂತೆ. ಅಪ್ಪ ಮೇಲಿನಿಂದಲೇ, ಇದೇ, ಎಂದನಂತೆ. ನಮ್ಮ ಮನೆಯಲ್ಲಿ ಒಂದು ನಡವಳಿಕೆ ಇದೆ. ತೋಟದಲ್ಲಿರುವಾಗ ಬೆಟ್ಟದ ಮನೆಯ ಮಾತೆತ್ತುವುದಿಲ್ಲ, ಬೆಟ್ಟದಲ್ಲಿರುವಾಗ ತೋಟದ್ದನ್ನು ಎತ್ತುವುದಿಲ್ಲ. ಅನ್ನ ಕೊಡುತ್ತಿರುವ ಜಾಗದಲ್ಲಿ ಕೂತು ಇನ್ನೊಂದು ಜಾಗವನ್ನು ನನ್ನ ಮನೆ ಎಂದರೆ ಅದು ಆ ನೆಲಕ್ಕೆ ಮಾಡಿದ ಅವಮಾನ ಎಂದು ಅಜ್ಜಿ ನಮ್ಮನ್ನು ಬೆಳೆಸಿದ್ದಾಳೆ. ಅಪ್ಪ ಮರದ ಮೇಲೆ ಕೂತು ಆ ಮರಕ್ಕೆ ಮರ್ಯಾದೆ ಕೊಟ್ಟ. ಸಮೀಕ್ಷೆಯವರು ಪೇಟೆ ಎಂದು ಬರೆದುಕೊಂಡರು. ಆಮೇಲೆ ಯಾರೋ ಪ್ರಾಮಾಣಿಕರು, ಅಂಥ ಬಿಸಿಲಲ್ಲಿ ಬೆಟ್ಟ ಹತ್ತಿ ಪರಿಶೀಲನೆಯನ್ನೂ ಮಾಡಿದರು. ಬೀಗ ನೋಡಿದರು, ಇಳಿದರು.

ನಾನು ಫೋನಿನಲ್ಲಿ ಅಪ್ಪನಿಗೆ ಹೀಗಾಗಿದೆ ಎಂದೆ.

“ಚಳಿಗಾಲದಲ್ಲಿ ಬಂದು ಕೇಳಿದ್ರೆ ಬೆಟ್ಟ ಅಂತಿದ್ದೆ” ಎಂದ. “ಅವ್ರು ಬೇಸಿಗೇಲಿ ಬಂದ್ರು. ನಾನು ಸುಳ್ಳು ಹೇಳ್ಬೇಕಿತ್ತೇನೇ?”

ಆಮೇಲೆ, ತಗ್ಗಿದ ದನಿಯಲ್ಲಿ, “ನಿನ್ನ ಓದಿಗೆ ಅಡ್ಡ ಬಂತಾ ಇದು?” ಎಂದು ಕೇಳಿದ. ಇಲ್ಲಪ್ಪ, ಸರಿ ಮಾಡಿಸಬಹುದು ಎಂದೆ. ಹಾಗೆ ಹೇಳುವಾಗ ನನಗೆ ಖಾತ್ರಿ ಇರಲಿಲ್ಲ, ಈಗಲೂ ಇಲ್ಲ. ಸರಿ ಮಾಡಿಸಬೇಕಾದರೆ ಮರುಪರಿಶೀಲನೆ ಆಗಬೇಕಂತೆ. ಮರುಪರಿಶೀಲನೆ ಬೇಸಿಗೆಯಲ್ಲೇ ನಡೆಯುವುದಂತೆ. ಮಾನ್ಯರೇ, ಬೇಸಿಗೆಯಲ್ಲಿ ಇನ್ನು ನೂರು ಸಲ ಬೆಟ್ಟ ಹತ್ತಿದರೂ ತಮ್ಮವರಿಗೆ ಕಾಣುವುದು ಅದೇ ಬೀಗ. ಒಂದು ಮಾತು ಕೇಳುತ್ತೇನೆ. ವಾಸವಿಲ್ಲದ ಮನೆಗೆ ಯಾರಾದರೂ ಬೀಗ ಹಾಕುತ್ತಾರೆಯೇ? ತಿರುಗಿ ಬರುವವರು ತಾನೇ ಬೀಗ ಹಾಕುವುದು. ದುರ್ಗಮ ಪ್ರದೇಶದವರಿಗೆಂದೇ ಒಂದು ಸಿದ್ಧತಾ ವರ್ಷ ತೆರೆದು, ಆ ಪ್ರದೇಶ ದುರ್ಗಮ ಏಕೆ, ಅಲ್ಲಿನ ಜನ ಬೇಸಿಗೆಯಲ್ಲಿ ಎಲ್ಲಿರುತ್ತಾರೆ ಎಂದು ಯಾರನ್ನೂ ವಿಚಾರಿಸದೆ ಅರ್ಹತೆ ಗೊತ್ತುಮಾಡಿದ್ದೀರಲ್ಲ, ಇದನ್ನು ಯಾವ ಹೆಸರಿನಿಂದ ಕರೆಯಬೇಕೆಂದು ನನ್ನ ಅರ್ಧ ಇಂಗ್ಲಿಷಿನಲ್ಲೂ ಹುಡುಕಿದೆ, ಸಿಗಲಿಲ್ಲ.

ಆ ಬೀಗದ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಈಗ ನನ್ನ ತಲೆ ತಿನ್ನುತ್ತಿರುವುದು ಅದೇ. ಮೇಲೆ ನಮಗೆ ಸಿಮೆಂಟಿನ ಕೋಣೆಗಳೂ ಇವೆ, ಆದರೆ ಬೆಲೆಯುಳ್ಳದ್ದನ್ನೆಲ್ಲ ಇಡುವುದು ಹಳೆಯ ಬೀಗದ ಮನೆಯಲ್ಲಿ. ಅರ್ಧ ನೆಲದೊಳಗೆ ಇಳಿದ ಕಲ್ಲಿನ ಮನೆ ಅದು, ಬಗ್ಗಿ ತೆವಳಿಯೇ ಒಳಗೆ ಹೋಗಬೇಕು. ಒಳಗೆ ಬಾರ್ಲಿ ತುಂಬುವ ದೊಡ್ಡ ಮಣ್ಣಿನ ಗುಡಾಣಗಳು, ಬಾಗಿಲಿಗಿಂತ ಅಗಲವಾದವು. ಫೋಟೋ ನೋಡಿದ ತುಫೂಲ್ ಇವು ಒಳಗೆ ಹೇಗೆ ಹೋದವು ಎಂದು ತಲೆ ಕೆಡಿಸಿಕೊಂಡಿದ್ದಳು. ಮೊದಲು ಗುಡಾಣಗಳನ್ನು ಇಟ್ಟು, ಆಮೇಲೆ ಸುತ್ತ ಗೋಡೆ ಎಬ್ಬಿಸಿದ್ದು. ಮನೆ ಕಟ್ಟಿದವರಿಗೆ ಒಳಗೆ ಇರಬೇಕಾದದ್ದು ಏನೆಂದು ಮುಂಚೆಯೇ ಗೊತ್ತಿತ್ತು. ತಾವು ಬಾಗಿಲನ್ನು ಮೊದಲು ಕಟ್ಟಿ ಆಮೇಲೆ ನಮ್ಮನ್ನು ಕರೆದಿದ್ದೀರಿ. ನಾವು ಅದರಲ್ಲಿ ತೂರುತ್ತಿಲ್ಲವೆಂದರೆ ತಪ್ಪು ನಮ್ಮ ಅಳತೆಯದ್ದೆಂದು ಬರೆಯುತ್ತೀರಿ.

ಬೇಸಿಗೆಗೆ ಇಳಿಯುವ ಮೊದಲು ಬೀಗದ ಮನೆಯನ್ನು ಮುಚ್ಚುವುದು ಅಜ್ಜಿಯ ಅಧಿಕಾರ. ಮುಂದಿನ ಚಳಿಗೆ ಬೇಕಾದದ್ದು ಒಳಗೆ, ಜೊತೆಗೆ ಒಯ್ಯುವುದು ಹೊರಗೆ. ಆಮೇಲೆ ಮರದ ಅಗುಳಿ ಎಳೆದು, ಬಾಗಿಲ ಸಂದಿಗೆ ಕಲ್ಲು ಸೇರಿಸಿ ಮಣ್ಣು ಮೆತ್ತುತ್ತಾರೆ. ಮೆತ್ತಿದ ಮೇಲೆ ತಿರುಗಿ ಬರುವವರೆಗೂ ತೆಗೆಯುವಂತಿಲ್ಲ. ಅದಕ್ಕಾಗಿಯೇ ಮುಚ್ಚುವ ಮೊದಲು ಮನೆಯ ಪ್ರತಿಯೊಬ್ಬರನ್ನೂ ಕೇಳಲೇಬೇಕು, ನಿನ್ನದು ಒಳಗೋ ಹೊರಗೋ ಎಂದು. ಕೂಸಿದ್ದರೆ ಅದರ ತಾಯಿಯನ್ನು ಕೇಳುತ್ತಾರೆ. ನಾನು ಹಾಸ್ಟೆಲಿನಲ್ಲಿದ್ದ ಅಷ್ಟೂ ವರ್ಷ ಅಜ್ಜಿ ಖಸಬ್‌ನ ವಾರ್ಡನ್ನಿಗೆ ಹೇಳಿಕಳಿಸಿ ನನ್ನನ್ನು ಕೇಳಿಸುತ್ತಿದ್ದಳು. ವಾರ್ಡನ್ ಊಟದ ಸಾಲಿನಲ್ಲಿ ಎಲ್ಲರೆದುರು, ರಾಯಾ, ನಿನ್ನ ಕಂಬಳಿ ಒಳಗೋ ಹೊರಗೋ ಅಂತೆ, ಎಂದು ಕೂಗುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಪ್ರತಿ ವರ್ಷವೂ ನಾನು ಕೊಟ್ಟದ್ದು ಒಂದೇ ಉತ್ತರ. ಒಳಗೆ. ಅದು ಮೇಕೆಯ ಕೂದಲಿನಲ್ಲಿ ಅಜ್ಜಿಯೇ ನೇಯ್ದ ಕಂಬಳಿ, ಚುಚ್ಚುತ್ತದೆ, ಬೆಟ್ಟದ ಚಳಿಗೆ ಅದಿಲ್ಲದೆ ಆಗುವುದಿಲ್ಲ. ಅದು ಒಳಗಿದೆ ಎಂದರೆ ಚಳಿಗಾಲಕ್ಕೆ ನಾನು ಬರುತ್ತೇನೆ ಎಂದು ಅರ್ಥ.

ಈಗ ತಮಗೆ ಎಲ್ಲಿಗೆ ಬಂದೆ ಎಂದು ತಿಳಿದಿರಬೇಕು. ಡಿಪ್ಲೊಮಾದಲ್ಲೇ ಉಳಿದರೆ ಬರುವ ಚಳಿಗಾಲ ನಾನು ಖಸಬ್‌ನಲ್ಲಿರುತ್ತೇನೆ, ಕಂಬಳಿ ಒಳಗೆ. ಸಿದ್ಧತಾ ವರ್ಷಕ್ಕೆ ಹೋದರೆ ಬೆಟ್ಟದಿಂದ ಇಷ್ಟು ದೂರ, ಪದವಿ ಮುಗಿಯುವವರೆಗೆ ಇಷ್ಟು ವರ್ಷ, ಚಳಿಗಾಲದಲ್ಲಿ ರಜೆಯೂ ಇಲ್ಲವೆಂದು ಪ್ರಕಟಣೆಯಲ್ಲಿದೆ (ಅದೊಂದು ಮಾತ್ರ ಸ್ಪಷ್ಟವಾಗಿದೆ). ಆಗ ಕಂಬಳಿ ಹೊರಗೆ. ಕಳೆದ ವಾರ ಅಜ್ಜಿ ಅಪ್ಪನ ಫೋನಿನಿಂದ ಮಾತಾಡಿದಳು. ಅವಳು ಫೋನನ್ನು ಕಿವಿಗೆ ಹಿಡಿಯುವುದಿಲ್ಲ, ಮುಖದ ಮುಂದೆ ಹಿಡಿದು ಬೈಯುವ ಹಾಗೆ ಮಾತಾಡುತ್ತಾಳೆ.

“ನಿನ್ನ ಕಂಬ್ಳಿ ಏನ್ ಮಾಡ್ಲವ್ವಾ?”

ಇನ್ನೂ ಗೊತ್ತಾಗಿಲ್ಲ ಅಜ್ಜಿ, ಕಚೇರಿಯವರು ಹೇಳಬೇಕು ಎಂದೆ.

“ಕಂಬ್ಳಿ ನಾನು ನೇಯ್ದಿದ್ದು, ಹೊದ್ಕೊಳೋಳು ನೀನು. ಕಚೇರಿಯವ್ರು ಯಾರು ಮಧ್ಯ?”

ಓದಿನ ವಿಷಯ, ಅವರು ಉತ್ತರ ಕೊಡದೆ ತೀರ್ಮಾನ ಮಾಡೋಕಾಗಲ್ಲ ಎಂದು ವಿವರಿಸಿದೆ. ಮೇಕೆಗಳ ಡಾಕ್ಟರ್ ಆಗುವ ಓದು ಎಂದೂ ಹೇಳಿದೆ. ಅವಳಿಗೆ ಗೊತ್ತಿತ್ತು. ಆ ಚಳಿಗಾಲದಲ್ಲಿ ಮೇಕೆಯ ಕತ್ತನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದವಳು ಅವಳೇ.

“ಆ ಊರಲ್ಲಿ ಚಳಿ ಇಲ್ಲ ಅಂತಾರಲ್ಲ. ಕಂಬ್ಳಿ ತಗೊಂಡೋಗಿ ಏನ್ಮಾಡ್ತೀಯ?”

“ಹಾಸ್ಟೆಲಲ್ಲಿ ಮಿಷನ್ನಿನ ಚಳಿ ಇದೆ ಅಜ್ಜಿ.”

“ದುಡ್ಡು ಕೊಟ್ಟು ಚಳಿ ತರುಸ್ಕೊಳ್ತಾರಾ! ಇಂಥೋರ ಹತ್ರ ಉತ್ತರ ಕೇಳ್ತಾ ಕೂತಿದೀಯಲ್ಲ ನೀನು.” ಬೈದು ಮುಗಿಸಿ, “ನಾನು ಕಾಯ್ತೀನಿ. ಕೇಳದೆ ಮುಚ್ಚೋಕಾಗಲ್ಲ” ಎಂದಳು.

ಆಮೇಲೆ ಅಪ್ಪ ಫೋನು ತೆಗೆದುಕೊಂಡು ದೂರ ನಡೆದು ಹೋಗಿ ಹೇಳಿದ. ಸುತ್ತಲಿನ ಮನೆಯವರೆಲ್ಲ ಇಳಿದಾಗಿದೆಯಂತೆ. ತೊಟ್ಟಿಯ ನೀರು ಹಸಿರಾಗಿದೆಯಂತೆ, ಮೇಕೆಗಳಿಗೆ ಸೋಸಿ ಕೊಡುತ್ತಿದ್ದಾರೆ. ಮಧ್ಯಾಹ್ನ ಬಂಡೆ ಮುಟ್ಟುವ ಹಾಗಿಲ್ಲವಂತೆ. ಅಜ್ಜಿಯನ್ನು ಹೊರಡಿಸಲು ನೋಡಿದೆ, ನನ್ನ ಮಾತು ಕೇಳುವುದಿಲ್ಲ, ಕಾಯುವುದು ನಿನಗಾಗಿ ಅಲ್ಲ, ಪದ್ಧತಿಗಾಗಿ ಎನ್ನುತ್ತಾಳೆ ಎಂದ. ಸುಮ್ಮನೆ ಒಳಗೆ ಅಂದುಬಿಡಲಾ ಎಂದು ಕೇಳಿದೆ.

“ಹಾಗೆ ಹೇಳ್ಬೇಡ” ಎಂದ ಅಪ್ಪ. “ನಾನು ಒಂದು ಸಲ ಯೋಚ್ನೆ ಮಾಡ್ದೆ ಉತ್ತರ ಕೊಟ್ಟು ಆಗಿದ್ದು ಸಾಕು.”

ಅಲ್ಲಿಂದ ಮುಂದೆ ನನಗೆ ಪಾಠ ತಲೆಗೆ ಹತ್ತುತ್ತಿಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ತಾವು ಉತ್ತರ ಕೊಟ್ಟ ಮಾತ್ರಕ್ಕೆ ನನ್ನ ಸಂಕಟವೆಲ್ಲ ತೀರುವುದಿಲ್ಲ. ಮತ್ತೆ ಹಾಸ್ಟೆಲು, ಮತ್ತೆ ಗಂಟೆ, ಮತ್ತೆ ಇಂಗ್ಲಿಷಿನಲ್ಲಿ ತಪ್ಪು ಹೇಳಿ ನಗೆಪಾಟಲಾಗುವುದು ನನಗೆ ನಿಜವಾಗಿ ಬೇಕೇ ಎಂದು ಕೆಲವು ದಿನ ಅನ್ನಿಸುತ್ತದೆ. ಖಸಬ್‌ನ ಕಚೇರಿಯೊಂದರಲ್ಲಿ ಕೂತು ಜನರ ಪತ್ರಗಳಿಗೆ ಹೊತ್ತಿಗೆ ಸರಿಯಾಗಿ ಉತ್ತರ ಬರೆಯುವುದೂ ಕೆಟ್ಟ ಬದುಕಲ್ಲ, ಅಂಥವಳೊಬ್ಬಳು ಎಲ್ಲಿಯಾದರೂ ಇದ್ದರೆ ಎಷ್ಟು ಉಪಕಾರ ಎಂದು ಈ ವರ್ಷ ನನಗೆ ಚೆನ್ನಾಗಿ ಗೊತ್ತಾಗಿದೆ. ಮರುದಿನ ಎದ್ದರೆ ಆ ಮರಿಯ ತಲೆ ನನ್ನ ಅಂಗೈಯಲ್ಲಿ ಜೋತು ಬಿದ್ದದ್ದು ನೆನಪಾಗುತ್ತದೆ. ಇದನ್ನು ತೂಗಿ ನೋಡಬೇಕಾದವಳು ನಾನು. ತಮ್ಮ ಸಲಹೆಯನ್ನು ನಾನು ಕೇಳುತ್ತಿಲ್ಲ, ಉತ್ತೇಜನದ ಮಾತುಗಳೂ ಬೇಡ, ಪ್ರಕಟಣೆಯಲ್ಲಿ ‘ಕನಸಿನ ಮೊದಲ ಮೆಟ್ಟಿಲು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ, ಅದೇ ಸಾಕು. ತಕ್ಕಡಿಯ ಒಂದು ತಟ್ಟೆಯ ಮೇಲೆ ತಾವು ಬಟ್ಟೆ ಮುಚ್ಚಿ ಕೂತಿದ್ದೀರಿ. ಬಟ್ಟೆ ತೆಗೆಯಿರಿ ಎನ್ನುತ್ತಿದ್ದೇನೆ, ಅಷ್ಟೆ.

ನಿಯಮ ನಿಯಮವೇ, ಒಬ್ಬಳಿಗಾಗಿ ಬದಲಿಸಲಾಗದು ಎಂದು ತಮ್ಮ ಕಡೆಯಿಂದ ಉತ್ತರ ಬರಬಹುದು. ಬರಲಿ. ಅದೂ ಒಂದು ಉತ್ತರವೇ, ನಾನು ಅದನ್ನು ಓದಿಕೊಂಡು ತೀರ್ಮಾನ ಮಾಡುತ್ತೇನೆ. ಆದರೆ ಬಿಡುಗಡೆ ಪತ್ರವನ್ನು ಮೊದಲೇ ಕೇಳುವ ನಿಯಮದಿಂದ ತಮಗೆ ಏನು ಲಾಭ ಎಂದು ಒಮ್ಮೆ ಯೋಚಿಸಿ. ಎರಡೂ ಕಡೆ ಸೀಟು ಹಿಡಿದುಕೊಳ್ಳುತ್ತಾರೆಂಬ ಭಯವೇ? ಆಯ್ಕೆಯಾದ ಮೇಲೆ ಒಂದು ವಾರ ಕೊಟ್ಟು ಆಗ ಬಿಡಿಸಿದರೆ ಆ ಭಯವೂ ಇರುವುದಿಲ್ಲ. ಈಗಿನ ನಿಯಮದಲ್ಲಿ ಧೈರ್ಯವಾಗಿ ಅರ್ಜಿ ಹಾಕಬಲ್ಲವರು ಯಾರು? ಸೀಟು ಹೋದರೂ ಇನ್ನೊಂದು ಕೊಡಿಸಬಲ್ಲ ಮನೆಯವರು ಇರುವ ಮಕ್ಕಳು. ಅಂಥ ಮಕ್ಕಳು ದುರ್ಗಮ ಪ್ರದೇಶದಲ್ಲಿ ಎಷ್ಟಿದ್ದಾರೆ? ನನ್ನ ಕಾಲೇಜಿನಲ್ಲೇ ಮರುಭೂಮಿಯ ಕಡೆಯ ಹುಡುಗಿಯೊಬ್ಬಳು ಆ ಸಾಲನ್ನು ಓದಿ ಪ್ರಕಟಣೆಯನ್ನು ಮಡಚಿ ಪುಸ್ತಕದೊಳಗಿಟ್ಟುಬಿಟ್ಟಳು. ಅವಳು ನನ್ನ ಹಾಗೆ ಪತ್ರ ಬರೆಯುವವಳಲ್ಲ. ತಮ್ಮ ಕಡೆ ಅವಳು ಆಸಕ್ತಿ ಇಲ್ಲದವಳೆಂದು ಲೆಕ್ಕಕ್ಕೆ ಬರುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ. ಅರ್ಜಿ ಹಾಕಿದವರ ಹಳೆಯ ಸೀಟು ಆಯ್ಕೆಯ ಫಲಿತಾಂಶದವರೆಗೆ ಉಳಿಯುತ್ತದೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಪ್ರಕಟಿಸಿ. ಬೇಸಿಗೆಯಲ್ಲಿ ಬೀಗ ಹಾಕಿದ ಮನೆಯವರನ್ನು ಬೆಟ್ಟದವರೆಂದು ಒಪ್ಪುತ್ತೀರೋ ಇಲ್ಲವೋ, ಅದನ್ನೂ ಹಾಗೆಯೇ ಹೇಳಿ. ಒಪ್ಪುವುದಾದರೆ ಪರಿಶೀಲನೆಗೆ ಈಗಲೇ ಯಾರನ್ನಾದರೂ ಕಳಿಸಬಹುದು. ಈ ಬೇಸಿಗೆಯಲ್ಲಿ ನಮ್ಮ ಬಾಗಿಲು ಇನ್ನೂ ತೆರೆದಿದೆ. ಬಂದವರಿಗೆ ಅಜ್ಜಿ ಕಾಫಿ ಕೊಡುತ್ತಾಳೆ, ಖರ್ಜೂರ ಕಳೆದ ವರ್ಷದ್ದು, ಬೈಗುಳ ಹೊಸದು. ಅವರ ಕೈಯಲ್ಲೇ ಉತ್ತರವನ್ನು ಕಳಿಸಿಕೊಟ್ಟರೂ ಸರಿ.

ಮಣ್ಣು ಕಲಸಿ ಇಟ್ಟಿದ್ದಾಳಂತೆ. ಒಣಗುತ್ತದೆಂದು ದಿನಾ ನೀರು ಚಿಮುಕಿಸುತ್ತಿದ್ದಾಳಂತೆ, ಅದೂ ಇರುವ ಅಷ್ಟು ನೀರಿನಲ್ಲಿ. ಕಂಬಳಿ ಹೊಸ್ತಿಲ ಮೇಲೆ ಮಡಚಿ ಇದೆ.

ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಬೇಸಿಗೆಯ ಸಮೀಕ್ಷೆಯಲ್ಲಿ ಪೇಟೆಯವಳು, ಉಳಿದಂತೆ ಬೆಟ್ಟದವಳು,
ಸದ್ಯಕ್ಕೆ ಅರ್ಜಿದಾರಳಲ್ಲದ
ರಾಯಾ ಬಿಂತ್ ಉಬೈದ್
ಕಚೇರಿ ನಿರ್ವಹಣೆ, ಮೊದಲ ವರ್ಷ